ಟ್ರಯಲ್ ಡಬ್ಬ

ಆ ಮನೆಯ ಅಡುಗೆಮನೆಯಲ್ಲಿ ಸರಿಯಾಗಿ ಮುಚ್ಚಿಕೊಳ್ಳುವ ಡಬ್ಬ ಒಂದೂ ಇರಲಿಲ್ಲ. ಸಕ್ಕರೆ ಡಬ್ಬದ ಮುಚ್ಚಳ ಒಂದು ಮೂಲೆಯಲ್ಲಿ ಎದ್ದು ನಿಲ್ಲುತ್ತಿತ್ತು. ಉಪ್ಪಿನ ಡಬ್ಬದ ಹೊಟ್ಟೆ ಸೊಟ್ಟ. ಬೇಳೆಯದು ಅರ್ಧ ಹಸಿರು, ಅರ್ಧ ಬಿಳಿ, ನಡುವೆ ಯಾರೋ ಉಗುಳಿದ ಹಾಗೆ ಒಂದು ಕಂದು ಕಲೆ. ಎಲ್ಲವೂ ಮನೆಯವರದೇ ವರ್ಕ್‌ಶಾಪಿನ ರಿಜೆಕ್ಟು. ಹೊಸ ಅಚ್ಚು ಟ್ರಯಲ್ಲಿಗೆ ಮೆಷಿನ್ ಏರಿದ ದಿನ ಮೊದಲು ಬೀಳುವ ಡಬ್ಬಗಳು ಯಾವತ್ತೂ ನೆಟ್ಟಗಿರುವುದಿಲ್ಲ. ಅವನ್ನೆಲ್ಲ ಪುಡಿ ಮಾಡಿ ಮತ್ತೆ ಕರಗಿಸುವುದು ವಾಡಿಕೆ. ಆದರೆ ಪುಡಿಯಾಗುವ ಮೊದಲು ಅತ್ತೆ ಒಂದು ಚೀಲ ಹಿಡಿದು ಬಂದು ಕೈಗೆ ಸಿಕ್ಕಿದ್ದನ್ನು ತುಂಬಿಕೊಂಡು ಹೋಗುತ್ತಿದ್ದರು.

"ಡಬ್ಬ ಮಾಡೋರ ಮನೇಲಿ ದುಡ್ಡು ಕೊಟ್ಟು ಡಬ್ಬ ತಗೋಬೇಕಾ?" ಅನ್ನುವುದು ಅವರ ಪ್ರಶ್ನೆ. ಅದಕ್ಕೆ ಉತ್ತರ ಹೇಳುವ ಧೈರ್ಯ ಮಾವನಿಗೂ ಇರಲಿಲ್ಲ.

ಆ ಡಬ್ಬಗಳ ನಕ್ಷೆ ಬರೆಯುತ್ತಿದ್ದವಳು ಸೊಸೆ. ಮಾವ ಆ ನಕ್ಷೆ ನೋಡಿಕೊಂಡು ಉಕ್ಕಿನಲ್ಲಿ ಅಚ್ಚು ಕೊರೆಯುತ್ತಿದ್ದರು. ಗಂಡ ಗಿರಾಕಿಗಳನ್ನು ಹಿಡಿದು ತರುತ್ತಿದ್ದ. ಮದುವೆಗೆ ಮುಂಚೆ ಸೊಸೆ ಹೆದ್ದಾರಿ ಪಕ್ಕದ ದೊಡ್ಡ ಕಾರ್ಖಾನೆಯಲ್ಲಿ ಇದೇ ಕೆಲಸ ಮಾಡುತ್ತಿದ್ದಳು. "ದೊಡ್ಡ ಕಾರ್ಖಾನೆಯವಳನ್ನ ಹಾರಿಸಿಕೊಂಡು ಬಂದಿದೀವಿ" ಎಂದು ಗಂಡ ಗಿರಾಕಿಗಳ ಮುಂದೆ ಜಂಬ ಕೊಚ್ಚಿಕೊಳ್ಳುತ್ತಿದ್ದ. ಆ ಜಂಬವೇ ಮುಂದೆ ಅವಳ ಕೊರಳಿಗೆ ಉರುಳಾಯಿತು.

ಅವತ್ತು ಮಧ್ಯಾಹ್ನ ಗಂಡ ಊಟಕ್ಕೆ ತಡವಾಗಿ ಬಂದ. ಕೈ ತೊಳೆಯಲಿಲ್ಲ. ಚೀಲದಿಂದ ಒಂದು ಊಟದ ಡಬ್ಬ ತೆಗೆದು ಅನ್ನದ ಪಾತ್ರೆಯ ಪಕ್ಕ ಇಟ್ಟ. ನೀಲಿ ಡಬ್ಬ, ನಾಲ್ಕು ಕಡೆ ನಾಲ್ಕು ಕೊಂಡಿ. ಕೊಂಡಿಯನ್ನು ಒತ್ತಿದರೆ ಟಕ್ಕೆಂದು ಕೂರುತ್ತಿತ್ತು.

"ನಮ್ದಾ?" ಅಂದರು ಅತ್ತೆ.

"ನಮ್ದಾಗಿದ್ರೆ ಪುಣ್ಯ. ದೊಡ್ಡ ಕಾರ್ಖಾನೇದು. ಪೇಟೆಗೆ ಬಂದು ವಾರ ಆಯ್ತಂತೆ. ನಮ್ಮ ಗಿರಾಕಿ ಫೋನ್ ಮಾಡಿದ್ದ. ಇದೇ ಡಬ್ಬ ಅವರ ಹತ್ರ ಅಗ್ಗಕ್ಕೆ ಸಿಗೋವಾಗ ನಿಮ್ಮದ್ಯಾಕೆ ಬೇಕು ಅಂದ. ಆರ್ಡರ್ ಹೋಯ್ತು."

ಮಾವ ಡಬ್ಬವನ್ನು ಎತ್ತಿ ತಿರುಗಿಸಿದರು. ಕೊಂಡಿ ತೆಗೆದರು, ಹಾಕಿದರು. ಅದು ತಮ್ಮದೇ ಡಬ್ಬ ಎಂದು ತಿಳಿಯಲು ಅವರಿಗೆ ಅಳತೆಪಟ್ಟಿ ಬೇಕಿರಲಿಲ್ಲ. ಮೂಲೆಯ ಗುಂಡು, ಕೊಂಡಿಯ ಬಳುಕು, ಮುಚ್ಚಳದ ಕೆಳಗಿನ ಪಟ್ಟಿ, ಎಲ್ಲವೂ ಸೊಸೆ ಕೂತು ಬರೆದದ್ದು. ಅವರು ಡಬ್ಬವನ್ನು ಕೆಳಗಿಟ್ಟು ತಟ್ಟೆಯ ಕಡೆಗೇ ನೋಡುತ್ತ ಹೇಳಿದರು.

"ಹಳೇ ಮನೆ ಉಪ್ಪು ಅಷ್ಟು ಬೇಗ ಕರಗಲ್ಲ ಅಂತ ಕಾಣುತ್ತೆ."

"ಅಂದ್ರೆ ಏನು ಮಾವ?"

"ಅಂದ್ರೆ ಏನೂ ಇಲ್ಲಮ್ಮ. ಡ್ರಾಯಿಂಗ್ ಇರೋದು ಒಂದೇ ಕಂಪ್ಯೂಟರಲ್ಲಿ. ಆ ಕಂಪ್ಯೂಟರ್ ಮುಂದೆ ಕೂರೋದು ಒಬ್ಬಳೇ. ಇನ್ನೇನು, ಡಬ್ಬಕ್ಕೆ ಕಾಲು ಬಂದು ತಾನೇ ನಡ್ಕೊಂಡು ಹೋಯ್ತಾ?"

ಸೊಸೆ ಗಂಡನ ಮುಖ ನೋಡಿದಳು. ಗಂಡ ಈಗ ಕೈ ತೊಳೆಯಲು ಎದ್ದು ಹೋದ.

*

ಮರುದಿನ ಕಂಪ್ಯೂಟರಿನ ಪಾಸ್‌ವರ್ಡ್ ಬದಲಾಗಿತ್ತು.

"ಅಪ್ಪನ ಸಮಾಧಾನಕ್ಕೆ," ಅಂದ ಗಂಡ. "ಬೇಕಾದಾಗ ನನ್ನ ಕರಿ. ನಾನೇ ತೆಗೆದುಕೊಡ್ತೀನಿ."

"ನಿನ್ನ ಸಮಾಧಾನ?" ಎಂದಳು. ಕೋಣೆಯೊಳಗೆ ಅವರಿಬ್ಬರ ನಡುವೆ 'ನೀನು' ನಡೆಯುತ್ತಿತ್ತು. ಹಾಲ್‌ಗೆ ಬಂದರೆ ಮಾತ್ರ 'ನೀವು'.

"ನಂಗೆ ಗೊತ್ತು ನೀನು ಮಾಡಿಲ್ಲ ಅಂತ."

"ಹಾಗಾದ್ರೆ ಅದನ್ನ ಊಟದ ಮೇಜಿನ ಮುಂದೆ ಹೇಳು."

"ಸಮಯ ನೋಡಿ ಹೇಳ್ತೀನಿ."

ಆ ಸಮಯ ಆ ವಾರ ಬರಲಿಲ್ಲ, ಮುಂದಿನ ವಾರವೂ ಬರಲಿಲ್ಲ. ಬಂದದ್ದು ಬೇರೆ. ಅವಳು ಫೋನಿನಲ್ಲಿ ಮಾತಾಡುತ್ತಿದ್ದರೆ ಅತ್ತೆಗೆ ಅದೇ ಕೋಣೆಯಲ್ಲಿ ಸೂಜಿ ದಾರ ಹುಡುಕಬೇಕಾಗುತ್ತಿತ್ತು. ವರ್ಕ್‌ಶಾಪಿನಿಂದ ಹೊರಡುವಾಗ ಅವಳ ಚೀಲ ಮೇಜಿನ ಮೇಲೆ ಅವಳು ಇಟ್ಟ ಜಾಗದಲ್ಲಿ ಇರುತ್ತಿರಲಿಲ್ಲ. ಆಪರೇಟರುಗಳು ಮೊದಲು "ಇಂಜಿನಿಯರಮ್ಮ, ಇವತ್ತೇನು ಹೊಸ ಡಬ್ಬ?" ಎಂದು ರೇಗಿಸುತ್ತಿದ್ದವರು, ಈಗ ಅವಳು ಬಾಗಿಲಲ್ಲಿ ಕಂಡರೆ ಪ್ಲಾಸ್ಟಿಕ್ ಕಾಳಿನ ಮೂಟೆ ಎತ್ತುವುದರಲ್ಲಿ ಮುಳುಗಿಬಿಡುತ್ತಿದ್ದರು. ಮಾವ ಅಲ್ಲಿಯೂ ಬಾಯಿ ಬಿಟ್ಟಿದ್ದಾರೆ ಎಂದು ಅವಳಿಗೆ ಅರ್ಥವಾಯಿತು.

ಅನುಮಾನ ಕೆಮ್ಮಿನ ಹಾಗೆ, ಒಬ್ಬರಿಂದ ಇನ್ನೊಬ್ಬರಿಗೆ. ಅವಳಿಗೂ ಹತ್ತಿತು. ಗಂಡ ಫೋನ್ ಬಂದರೆ ಅಂಗಳಕ್ಕೆ ಹೋಗುತ್ತಾನೆ ಏಕೆ? ದೊಡ್ಡ ಕಾರ್ಖಾನೆಯವರಿಗೆ ನಕ್ಷೆ ಮಾರಿ ತನ್ನ ತಲೆಗೆ ಕಟ್ಟಿದ್ದಾನೆಯೇ? ಹೊಸ ಬೂಟು ಯಾವ ದುಡ್ಡಿನದು? ಅವನು ಸ್ನಾನಕ್ಕೆ ಹೋದಾಗ ಅವನ ಫೋನ್ ಕೈಗೆತ್ತಿಕೊಂಡಳು. ಬರೀ ಗಿರಾಕಿಗಳಿಗೆ ಬೇಡಿಕೊಂಡ ಮೆಸೇಜುಗಳು. ಅಣ್ಣ, ಒಂದು ಸಲ ನೋಡಿ ಅಣ್ಣ, ರೇಟು ಇಳಿಸ್ತೀವಿ ಅಣ್ಣ. ನಾಚಿಕೆಯಾಯಿತು. ಆದರೂ ಮರುದಿನ ಮತ್ತೆ ನೋಡಿದಳು.

ಕೆಲಸ ಬಿಟ್ಟು ಬೇರೆ ಕಡೆ ಸೇರೋಣವೆಂದರೆ ಅದಕ್ಕೂ ದಾರಿ ಇರಲಿಲ್ಲ. ಹೋದ ದಿನವೇ ಮಾವ "ನಾನು ಹೇಳಲಿಲ್ವಾ?" ಅನ್ನುತ್ತಾರೆ. ಈ ಊರಿನಲ್ಲಿ ಅಚ್ಚಿನ ಕೆಲಸದವರೆಲ್ಲ ಒಬ್ಬರಿಗೊಬ್ಬರು ಗೊತ್ತು. ಮನೆಯ ನಕ್ಷೆ ಮಾರಿದವಳು ಎಂಬ ಹೆಸರು ಬಂದರೆ ಯಾರೂ ಅವಳ ಮುಂದೆ ಕಂಪ್ಯೂಟರ್ ತೆರೆದಿಡುವುದಿಲ್ಲ.

*

ನೀಲಿ ಡಬ್ಬವನ್ನು ಯಾರೂ ಮುಟ್ಟುತ್ತಿರಲಿಲ್ಲ. ಅಪಶಕುನದ ಹಾಗೆ ಅದು ಫ್ರಿಜ್ಜಿನ ತಲೆಯ ಮೇಲೆ ಕೂತಿತ್ತು. ಒಂದು ಬೆಳಿಗ್ಗೆ ಸೊಸೆ ಅದನ್ನು ಕೆಳಗಿಳಿಸಿ, ಕಿಟಕಿಯ ಬೆಳಕಿಗೆ ಹಿಡಿದು, ಬೆರಳಿನಿಂದ ಒಳಮೈ ಸವರಿದಳು. ಕೊಂಡಿಯ ಬುಡದಲ್ಲಿ ಏನೋ ತಗುಲಿತು. ಕತ್ತರಿಸಿ ಬಿಸಾಕಿದ ಉಗುರಿನಂಥ ಒಂದು ಸಣ್ಣ ಉಬ್ಬು. ಪಕ್ಕದ ಕೊಂಡಿಯ ಬುಡದಲ್ಲೂ ಇತ್ತು. ನಾಲ್ಕಕ್ಕೂ ಇತ್ತು, ಒಂದೇ ಅಳತೆ, ಅಚ್ಚುಕಟ್ಟು.

ಅದನ್ನು ಅವಳು ಬರೆದಿರಲಿಲ್ಲ. ಅಂಥ ಉಬ್ಬಿನಿಂದ ಯಾವ ಪ್ರಯೋಜನವೂ ಇಲ್ಲ. ಆದರೆ ಎಲ್ಲೋ ನೋಡಿದ್ದೇನೆ ಅನ್ನಿಸಿತು.

ಅಡುಗೆಮನೆಗೆ ಹೋಗಿ ಟೀ ಪುಡಿಯ ಡಬ್ಬವನ್ನು ಖಾಲಿ ಮಾಡಿದಳು. ಅದು ಈ ಊಟದ ಡಬ್ಬಕ್ಕೆಂದು ಮಾವ ಕೊರೆದ ಅಚ್ಚಿನ ಮೊದಲನೇ ಟ್ರಯಲ್ಲಿನದು. ಒಂದು ಕೊಂಡಿಯ ಬುಡದಲ್ಲಿ, ಒಂದರಲ್ಲಿ ಮಾತ್ರ, ಅದೇ ಉಗುರು.

ಆಗ ಆ ಟ್ರಯಲ್ಲಿನ ದಿನ ಕಣ್ಣಿಗೆ ಕಟ್ಟಿತು. ಬಿಸಿ ಪ್ಲಾಸ್ಟಿಕ್ ಅಚ್ಚಿನೊಳಗೆ ಹೊಕ್ಕು, ತಣಿದು, ಸಲೀಸಾಗಿ ಕಳಚಿ ಬೀಳಬೇಕಾದರೆ ಡಬ್ಬದ ಗೋಡೆಗಳಿಗೆ ಒಂದಿಷ್ಟು ಓರೆ ಇರಬೇಕು. ಅವಳು ಸಾಕಷ್ಟು ಓರೆ ಕೊಟ್ಟಿರಲಿಲ್ಲ. ಡಬ್ಬಗಳು ಅಚ್ಚಿಗೇ ಕಚ್ಚಿಕೊಂಡವು. "ದೊಡ್ಡ ಕಾರ್ಖಾನೇಲಿ ಇದನ್ನೇ ಕಲಿಸಿದ್ರಾ?" ಎಂದು ಎಲ್ಲರ ಮುಂದೆ ಹಂಗಿಸಿ, ಮಾವ ಹ್ಯಾಂಡ್ ಗ್ರೈಂಡರ್ ಹಿಡಿದು ಮೆಷಿನ್ನಿನ ಮೇಲೇ ಅಚ್ಚಿನ ಉಕ್ಕು ಉಜ್ಜಲು ಬಗ್ಗಿದ್ದರು. ಗ್ರೈಂಡರ್ ಒಮ್ಮೆ ಕಿರ್ರೆಂದು ಜಾರಿತ್ತು. ಅವರು ಯಾರ ಕಡೆಗೂ ನೋಡದೆ ಕೆಲಸ ಮುಂದುವರಿಸಿದ್ದರು. ಉಕ್ಕಿನಲ್ಲಿ ತಗ್ಗಾದದ್ದು ಪ್ಲಾಸ್ಟಿಕ್ಕಿನಲ್ಲಿ ಉಬ್ಬಾಗಿ ಬಂದಿತ್ತು. ಆಮೇಲೆ ಅವಳು ಓರೆ ತಿದ್ದಿ ನಕ್ಷೆ ಬರೆದು, ಅಚ್ಚಿನ ಆ ಭಾಗವನ್ನೇ ಹೊಸದಾಗಿ ಮಾಡಿ ಕೂರಿಸಿದ ಮೇಲೆ ಆ ಗುರುತು ಮಾಯವಾಗಿತ್ತು.

ಅಂದರೆ ದೊಡ್ಡ ಕಾರ್ಖಾನೆಯವರ ಕೈಗೆ ಸಿಕ್ಕಿದ್ದು ನಕ್ಷೆಯಲ್ಲ. ಮೊದಲನೇ ಟ್ರಯಲ್ಲಿನ ಒಂದು ರಿಜೆಕ್ಟ್ ಡಬ್ಬ. ಅದನ್ನು ಅಳೆದು ಅಳೆದು ನಕಲು ಮಾಡಿದ್ದಾರೆ. ಈ ಉಬ್ಬು ಏನೋ ಗುಟ್ಟಿನ ತಂತ್ರ ಎಂದುಕೊಂಡು, ಮೇಸ್ತ್ರಿ ಮೂರು ಕಡೆ ಮರೆತಿರಬೇಕೆಂದು ನಾಲ್ಕೂ ಕೊಂಡಿಗೆ ಹಾಕಿದ್ದಾರೆ. ಅವಳಿಗೆ ಒಬ್ಬಳಿಗೇ ನಗು ಉಕ್ಕಿ ಬಂತು.

ಎರಡೂ ಡಬ್ಬ ಹಿಡಿದು ವರ್ಕ್‌ಶಾಪಿಗೆ ಹೋದಳು. ಮಾವ ಲೇತಿನ ಮುಂದೆ ಸ್ಟೂಲಿನ ಮೇಲೆ ಕೂತಿದ್ದರು.

"ಮಾವ, ಇದು ನಿಮ್ಮ ಗ್ರೈಂಡರಿನ ಗುರುತು. ನನ್ನ ಡ್ರಾಯಿಂಗಲ್ಲಿ ಇದಿಲ್ಲ. ಅವರ ಡಬ್ಬದಲ್ಲೂ ಬಂದಿದೆ ನೋಡಿ."

ಮಾವ ಭೂತಗನ್ನಡಿ ತೆಗೆದರು. ಬಹಳ ಹೊತ್ತು ನೋಡಿದರು. ಬಲಗೈ ಹೆಬ್ಬೆರಳು ಸಣ್ಣಗೆ ನಡುಗುತ್ತಿತ್ತು. ಅವರು ಅದನ್ನು ಎಡಗೈಯಿಂದ ಮುಚ್ಚಿಕೊಂಡರು.

"ಇದು ನನ್ನ ಕೈ ಅಲ್ಲ."

"ಅವತ್ತು ನಾನು ಪಕ್ಕದಲ್ಲೇ ಇದ್ದೆ."

"ನನ್ನ ಕೈ ಈವರೆಗೆ ಜಾರಿಲ್ಲ. ಪ್ಲಾಸ್ಟಿಕ್ಕು ತಣಿಯೋವಾಗ ತಾನಾಗೇ ಹೀಗೆಲ್ಲ ಮಾಡುತ್ತೆ. ನೀನು ನಿನ್ನ ಕೆಲಸ ನೋಡು."

ಡಬ್ಬಗಳನ್ನು ಅವಳ ಕಡೆ ತಳ್ಳಿದರು. ತಳ್ಳುವ ಮುನ್ನ ಇನ್ನೊಮ್ಮೆ ನೋಡಿದ್ದನ್ನು ಅವಳು ಗಮನಿಸಿದಳು. ಅವರಿಗೆ ಗೊತ್ತು. ಗೊತ್ತಿದ್ದೂ ಬಾಯಿಗೆ ಬೀಗ ಹಾಕಿಕೊಂಡಿದ್ದಾರೆ.

ಸಂಜೆ ಟೀ ಪುಡಿಯನ್ನು ಮತ್ತೆ ಅದೇ ಡಬ್ಬಕ್ಕೆ ತುಂಬಿಟ್ಟು, ಗಂಡನಿಗೆ ಹೇಳಿದಳು. ಅವನು ತಲೆ ಕೆರೆದುಕೊಂಡ.

"ಅಪ್ಪ ಅಲ್ಲ ಅಂದ್ಮೇಲೆ ನಾನು ಹೌದು ಅಂತ ಹೇಗೆ ಹೇಳಲಿ?"

"ನಿಂಗೆ ಕಣ್ಣಿಲ್ವಾ?"

"ಕಣ್ಣಿದೆ. ಅಪ್ಪನೂ ಇದಾರಲ್ಲ."

ಮರುದಿನ ಟೀ ಪುಡಿ ಒಂದು ಗಾಜಿನ ಬಾಟಲಿಯಲ್ಲಿತ್ತು.

"ಅತ್ತೆ, ಟೀ ಪುಡಿ ಡಬ್ಬ ಎಲ್ಲಿ?"

"ವಾಸನೆ ಹಿಡಿದಿತ್ತು. ಪುಡಿ ಮಾಡೋಕೆ ಕಳಿಸಿದೆ."

"ಎಷ್ಟು ವರ್ಷದಿಂದ ಸೊಟ್ಟ ಡಬ್ಬಗಳನ್ನ ಎದೆಗವಚಿಕೊಂಡು ಇಟ್ಕೊಂಡಿದೀರಿ. ಇದೊಂದಕ್ಕೇ ವಾಸನೆ ಬಂತಾ?"

"ನನ್ನ ಅಡುಗೆಮನೆ ಡಬ್ಬಕ್ಕೂ ನಿಂಗೆ ಲೆಕ್ಕ ಒಪ್ಪಿಸ್ಬೇಕಾ?" ಎಂದು ಅತ್ತೆ ಒಲೆಯ ಕಡೆ ತಿರುಗಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ, ಬೆನ್ನು ತೋರಿಸಿಕೊಂಡೇ, "ಮೊಟ್ಟೆ ಒಂದು ಹಾಕಲಾ, ಎರಡಾ?" ಎಂದರು. ದನಿ ಎಂದಿಗಿಂತ ಮೆತ್ತಗಿತ್ತು. ಆ ಮೆತ್ತಗಿನ ದನಿಯೇ ಸೊಸೆಯ ಕಿವಿ ನೆಟ್ಟಗಾಗುವಂತೆ ಮಾಡಿತು.

ಆ ವಾರ ನಾದಿನಿ ಪುಟ್ಟಿ ಬಂದಳು. ಪಕ್ಕದ ಬಡಾವಣೆಯಲ್ಲಿ ಅವಳ ಮನೆ. ಅವಳ ಗಂಡ ಕಾರ್ಖಾನೆಗಳಿಗೆ ರಟ್ಟಿನ ಪೆಟ್ಟಿಗೆ ಸರಬರಾಜು ಮಾಡುತ್ತಿದ್ದ. ಸೊಸೆ ತರಕಾರಿ ಹೆಚ್ಚುತ್ತ, ಏನೂ ಗೊತ್ತಿಲ್ಲದವಳ ಹಾಗೆ ಕೇಳಿದಳು:

"ಪುಟ್ಟಿ, ಅತ್ತೆ ನಿಂಗೆ ನಮ್ಮ ಹೊಸ ಊಟದ ಡಬ್ಬ ಒಂದು ಕೊಟ್ಟಿದ್ರಲ್ಲ, ಚೆನ್ನಾಗಿದ್ಯಾ?"

"ಯಾವ ಡಬ್ಬ? ನಂಗೆ ಯಾವ ಡಬ್ಬಾನೂ ಕೊಟ್ಟಿಲ್ಲ," ಅಂದಳು ಪುಟ್ಟಿ, ಪ್ರಶ್ನೆ ಮುಗಿಯುವ ಮೊದಲೇ. ಆಮೇಲೆ ಅಮ್ಮನ ಮುಖ ನೋಡಿದಳು. ಅತ್ತೆ ಈರುಳ್ಳಿ ಸಿಪ್ಪೆ ಆರಿಸುವುದರಲ್ಲಿ ಮಗ್ನರಾಗಿದ್ದರು.

*

ಅಷ್ಟರಲ್ಲಿ ಕೈಬಿಟ್ಟು ಹೋಗಿದ್ದ ಗಿರಾಕಿಯೇ ಗಂಡನ ಕಾಟ ತಡೆಯಲಾರದೆ ಇನ್ನೊಂದು ಕೆಲಸ ಕೊಟ್ಟ. ಎರಡು ಅಂತಸ್ತಿನ ಡಬ್ಬ, ಪೇಟೆಯಲ್ಲಿ ಇಲ್ಲದ್ದು. ನಕ್ಷೆ ಬರೆಯಲು ಸೊಸೆಯನ್ನು ಬಿಟ್ಟರೆ ಬೇರೆ ಗತಿ ಇರಲಿಲ್ಲ. ಗಂಡ ಪಾಸ್‌ವರ್ಡ್ ಒತ್ತಿ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕಾವಲು ಕೂತ. ಅವನಿಗೆ ಗೆರೆಗಳು ಅರ್ಥವಾಗುತ್ತಿರಲಿಲ್ಲ. ಕೂತಲ್ಲೇ ತೂಕಡಿಸಿದ. ಅವಳು ಗೋಡೆಗಳಿಗೆ ಧಾರಾಳವಾಗಿ ಓರೆ ಕೊಟ್ಟಳು. ಪಟ್ಟಿಗಳನ್ನು ತೆಳುವಾಗಿಟ್ಟಳು. ಕೊನೆಗೆ ಇನ್ನೊಂದನ್ನೂ ಸೇರಿಸಿದಳು.

ಭಾನುವಾರ ಮಧ್ಯಾಹ್ನದ ಊಟವಾದ ಮೇಲೆ ಮಾವ ಮೇಜು ಒರೆಸಿ ನಕ್ಷೆ ಹರಡಿದರು. ಹೊಸ ನಕ್ಷೆಯನ್ನು ಅವರು ಹೀಗೆ ಮನೆಯಲ್ಲಿ, ಹೊಟ್ಟೆ ತುಂಬಿದ ಮೇಲೆಯೇ ಓದುತ್ತಿದ್ದರು. ಹೆಬ್ಬೆರಳಿನ ಉಗುರನ್ನು ಒಂದೊಂದೇ ಗೆರೆಯ ಮೇಲೆ ಎಳೆಯುತ್ತ ಹೋದರು. ಗಂಡ ಹಲ್ಲುಕಡ್ಡಿ ಹಿಡಿದು ಕೂತಿದ್ದ. ಅತ್ತೆ ತಟ್ಟೆ ತೆಗೆಯುತ್ತಿದ್ದರು.

ಉಗುರು ಕೊಂಡಿಯ ಬುಡಕ್ಕೆ ಬಂದು ನಿಂತಿತು.

"ಇದೇನು?"

"ಉಬ್ಬು, ಮಾವ."

"ಉಬ್ಬು ಅಂತ ನಂಗೂ ಕಾಣ್ತಿದೆ. ಯಾಕೆ?"

"ಅದು ನಂಗೊತ್ತಿಲ್ಲ. ದೊಡ್ಡ ಕಾರ್ಖಾನೆಯವರು ನಾಲ್ಕೂ ಕಡೆ ಹಾಕಿದಾರೆ. ನಮ್ಮ ಟ್ರಯಲ್ ಡಬ್ಬದಲ್ಲೂ ಇತ್ತು. ಇಬ್ಬರಿಗೂ ಬೇಕಾಗಿದೆ ಅಂದ್ರೆ ಏನೋ ಉಪಯೋಗ ಇರಬೇಕು. ಅದಕ್ಕೇ ಅಳತೆ ಹಾಕಿ ಕೊಟ್ಟಿದೀನಿ. ನೀವು ಕೊರೆದರೆ ಆಯ್ತು."

"ಇದನ್ನ ನಾನು ಕೊರೆಯಲ್ಲ."

"ಯಾಕೆ ಮಾವ? ಡ್ರಾಯಿಂಗಲ್ಲಿ ಇದ್ದಿದ್ದನ್ನ ಕೊರೆಯೋದು ನಿಮ್ಮ ಕೆಲಸ, ಪ್ರಶ್ನೆ ಕೇಳೋದು ಅಲ್ಲ ಅಂತ ನೀವೇ ಹೇಳ್ತಿದ್ರಿ."

"ಏಯ್, ತಪ್ಪನ್ನ ಯಾರಾದ್ರೂ ಅಳತೆ ಹಾಕಿ ಬರೀತಾರೇನೇ?" ಮಾವನ ದನಿ ಏರಿತು. "ಗ್ರೈಂಡರ್ ಜಾರಿ ಆದ ಗಾಯ ಅದು! ಅದನ್ನ ನಾಲ್ಕು ಕಡೆ ಕೊರಿ ಅಂತ ನಂಗೇ ಕೊಡ್ತೀಯಲ್ಲ, ನಾಚಿಕೆ ಆಗಲ್ವಾ ನಿಂಗೆ?"

ಗಂಡನ ಬಾಯಲ್ಲಿ ಹಲ್ಲುಕಡ್ಡಿ ನಿಂತಿತು.

"ಯಾರ ಗ್ರೈಂಡರ್ ಅಪ್ಪ?"

ಮಾವ ನಕ್ಷೆಯನ್ನು ಮಡಿಸತೊಡಗಿದರು. ಮಡಿಕೆ ಸರಿಯಾಗಿ ಕೂರಲಿಲ್ಲ. ಬಿಚ್ಚಿ ಮತ್ತೆ ಮಡಿಸಿದರು.

"ನಂದು," ಎಂದರು. "ಕೈ ನಡುಗುತ್ತೆ ಈಗೀಗ. ಅವತ್ತು ಜಾರಿತು. ಏನೀಗ?"

"ಅಂದ್ರೆ ಹೊರಗೆ ಹೋಗಿದ್ದು ಡ್ರಾಯಿಂಗ್ ಅಲ್ಲ, ಡಬ್ಬ."

"ಹೌದಪ್ಪ ಹೌದು. ಡಬ್ಬ."

"ಮತ್ತೆ ಅವತ್ತೇ ಯಾಕೆ ಹೇಳಲಿಲ್ಲ?" ಎಂದಳು ಸೊಸೆ. ಅಳು ಬರುತ್ತದೆ ಅಂದುಕೊಂಡಿದ್ದಳು. ಬರಲಿಲ್ಲ. "ನನ್ನ ಚೀಲ ಹುಡುಕಿಸಿದ್ರಿ. ನಿಮ್ಮ ಒಂದು ಗೀರು ಮುಚ್ಚಿಡೋಕೆ ನನ್ನ ಕಳ್ಳಿ ಮಾಡಿದ್ರಿ."

ಗಂಡ ಈಗ ಎಲ್ಲಿಲ್ಲದ ಹುರುಪಿನಿಂದ ಅಮ್ಮನ ಕಡೆ ತಿರುಗಿದ.

"ಡಬ್ಬ ವರ್ಕ್‌ಶಾಪಿಂದ ಹೊರಗೆ ತರೋದು ನೀನೊಬ್ಳೇ. ಯಾರಿಗೆ ಕೊಟ್ಟೆ?"

ಅತ್ತೆ ತಟ್ಟೆಗಳನ್ನು ಮೇಜಿನ ಮೇಲೆ ಮತ್ತೆ ಇಟ್ಟರು.

"ಪುಟ್ಟಿಗೆ ಹುಷಾರಿರಲಿಲ್ಲ. ಊಟ ಹಾಕಿ ಕಳಿಸಿದೆ. ಡಬ್ಬ ತಾನೇ? ಬಾಂಬಾ ಅದು? ಅಳಿಯ ಅದರಲ್ಲೇ ಊಟ ತಗೊಂಡು ಓಡಾಡ್ತಿದ್ದ. ಆ ಕಾರ್ಖಾನೆಗೂ ರಟ್ಟು ಹಾಕ್ತಾನಲ್ಲ. ಒಂದಿನ ಅಲ್ಲಿ ಊಟ ಮಾಡಿ ಮರೆತು ಬಂದನಂತೆ, ಮತ್ತೆ ಹೋದ್ರೆ ಡಬ್ಬ ಇರಲಿಲ್ಲವಂತೆ. ಪುಟ್ಟಿ ಹೇಳಿದ್ಳು."

"ಯಾವಾಗ ಹೇಳಿದ್ಳು?"

"ಆವಾಗ್ಲೇ."

"ನಿಂಗೆ ಮೊದಲೇ ಗೊತ್ತಿತ್ತಾ!" ಎಂದರು ಮಾವ. ಬಯ್ಯಲು ಒಬ್ಬರು ಸಿಕ್ಕಿದ ಸಮಾಧಾನ ಆ ದನಿಯಲ್ಲಿತ್ತು.

"ನಿಮಗೂ ಗೊತ್ತಿತ್ತಲ್ಲ. ನೀವು ನಿಮ್ಮ ಕೈ ಮುಚ್ಚಿಟ್ಕೊಂಡ್ರಿ, ನಾನು ನನ್ನ ಮಗಳನ್ನ ಮುಚ್ಚಿಟ್ಕೊಂಡೆ." ಅತ್ತೆ ಸೊಸೆಯ ಕಡೆ ತಿರುಗಿದರು. "ನೋಡು, ತಪ್ಪು ತಿಳ್ಕೋಬೇಡ. ಪುಟ್ಟಿ ಬೇರೆ ಮನೆ ಸೇರಿದೋಳು. ಈ ಮಾತು ಎದ್ದು, ಅಳಿಯನ ಮೇಲೆ ಬಂದು, ಆ ಮನೇಲಿ ಜಗಳ ಆದ್ರೆ ಅವಳ ಪರ ಮಾತಾಡೋಕೆ ಯಾರಿದಾರೆ? ನಿಂಗಾದ್ರೆ ಇಲ್ಲಿ ನಾನಿದ್ದೆ."

"ಇದ್ರಾ, ಅತ್ತೆ?" ಎಂದಳು ಸೊಸೆ.

ಅತ್ತೆ ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದರು. ನಲ್ಲಿಯ ನೀರು ಬಹಳ ಹೊತ್ತು ಸುರಿಯಿತು.

"ಇಲ್ಲಿ ಹೇಳಿದ್ದು ಸಾಲದು ಮಾವ," ಎಂದಳು. "ಎಲ್ಲೆಲ್ಲಿ ಆ ಮಾತು ಆಡಿದ್ರೋ ಅಲ್ಲೆಲ್ಲ ಇದನ್ನೂ ಆಡಬೇಕು."

*

ಸೋಮವಾರ ಬೆಳಿಗ್ಗೆ ಮಾವ "ಮೆಷಿನ್ ನಿಲ್ಲಿಸಿ" ಎಂದರು. ಆಪರೇಟರಿಗೆ ನಂಬಿಕೆಯಾಗಲಿಲ್ಲ. ಓಡುವ ಮೆಷಿನ್ ನಿಂತರೆ ಒಳಗೆ ಕಾದ ಪ್ಲಾಸ್ಟಿಕ್ ಸುಟ್ಟು ಕರಿಯಾಗುತ್ತದೆ. ಅದನ್ನು ಉಗುಳಿಸಿ ಮತ್ತೆ ಹದಕ್ಕೆ ತರಲು ಅರ್ಧ ದಿನ ಹಾಳು. ಆದರೂ ನಿಲ್ಲಿಸಿದ. ಆ ಶೆಡ್ಡಿನಲ್ಲಿ ಅಷ್ಟು ನಿಶ್ಶಬ್ದ ಯಾರೂ ಕೇಳಿರಲಿಲ್ಲ.

"ಡ್ರಾಯಿಂಗ್ ಮಾರಿದ್ದು ನನ್ನ ಸೊಸೆ ಅಂತ ನಿಮ್ಮ ಮುಂದೆ ಅಂದಿದ್ದೆ," ಎಂದರು ಮಾವ. "ಅವಳಲ್ಲ. ಯಾರೂ ಮಾರಿಲ್ಲ. ನನ್ನ ಗ್ರೈಂಡರ್ ಜಾರಿದ ಗುರುತು ಅವರ ಡಬ್ಬದಲ್ಲಿದೆ. ಟ್ರಯಲ್ ಡಬ್ಬ ನೋಡಿ ನಕಲು ಮಾಡಿದಾರೆ. ಅಷ್ಟೇ. ಮೆಷಿನ್ ಹಾಕಿ."

ಯಾರೋ ಹಿಂದಿನಿಂದ, "ಬಡ್ಡಿಮಕ್ಕಳು ಜಾರಿದ್ದನ್ನೂ ಬಿಟ್ಟಿಲ್ಲವಲ್ಲ ಮೇಸ್ತ್ರಿ," ಎಂದ. ಎಲ್ಲರೂ ನಕ್ಕರು. ಮಾವನ ಮೀಸೆಯ ಕೆಳಗೂ ಏನೋ ಅಲುಗಿತು. ಮಧ್ಯಾಹ್ನದ ಹೊತ್ತಿಗೆ ಆಪರೇಟರ್ ಅವಳನ್ನು ಮತ್ತೆ "ಇಂಜಿನಿಯರಮ್ಮ" ಎಂದು ಕರೆದ. ಪಾಸ್‌ವರ್ಡ್ ಅವಳ ಕೈಗೆ ಬಂತು. ಅವಳು ಅದನ್ನು ಬದಲಾಯಿಸಿದಳು. ಗಂಡನಿಗೆ ಹೇಳಲಿಲ್ಲ. ಅವನು ಕೇಳಲೂ ಇಲ್ಲ.

ನಾಲ್ಕು ಉಬ್ಬುಗಳನ್ನು ಅಳಿಸಿ ನಕ್ಷೆಯನ್ನು ಸೇವ್ ಮಾಡುವಾಗ ಗಂಡ ಎರಡು ಲೋಟ ಟೀ ಹಿಡಿದು ಅವಳ ಕೋಣೆಗೆ ಬಂದ. ಬಾಗಿಲನ್ನು ಕಾಲಿನಿಂದ ಮುಚ್ಚಿದ.

"ಮರೆತು ಬಂದನಂತೆ!" ಎಂದ. "ಊಟ ಮಾಡಿದ ಡಬ್ಬ ಯಾರಾದ್ರೂ ಮರೀತಾರಾ? ಅದೂ ಅದೇ ಕಾರ್ಖಾನೇಲಿ? ಪುಟ್ಟಿ ಗಂಡನ ಮೇಲೆ ನಂಗೆ ಮೊದಲಿಂದಲೂ ಡೌಟು."

ಇದೇ ಮಾತನ್ನು, ಇದೇ ದನಿಯಲ್ಲಿ, ಇದೇ ತಿಂಗಳು ಇನ್ಯಾರ ಜೊತೆಗೋ ತನ್ನ ಬಗ್ಗೆ ಆಡಿರಬಹುದು ಎಂದು ಅವಳಿಗೆ ಹೊಳೆಯಿತು. ನೋಡದೆ ಕೇಳದೆ ಯಾರ ಮೇಲೂ ತಪ್ಪು ಹಾಕಬೇಡ ಎಂದು ಹೇಳಲು ತಿರುಗಿದಳು. ಗಂಡ ಸ್ಟೂಲ್ ಎಳೆದುಕೊಂಡು ಹತ್ತಿರ ಕೂತಿದ್ದ. ಎಷ್ಟೋ ವಾರಗಳ ಮೇಲೆ ಅವನು ಅವಳ ಮುಖ ನೋಡಿ ಮಾತಾಡುತ್ತಿದ್ದ. ಟೀ ಬಿಸಿಯಾಗಿತ್ತು.

"ಹೌದಾ?" ಎಂದಳು ಅವಳು, ದನಿ ತಗ್ಗಿಸಿ. "ಯಾವಾಗಿಂದ?"